ಹಪ್ಪಳಕ್ಕೆ 600 ಡಿಪಿಐ

ಕಾರ್ಡ್ ಡಿಸೈನ್ ಮಾಡುವವರಿಗೆ ಹಿನ್ನೆಲೆಗೊಂದು ಟೆಕ್ಸ್ಚರ್, ಅಂದರೆ ಯಾವುದಾದರೂ ವಸ್ತುವಿನ ಮೇಲ್ಮೈಯ ಚಿತ್ರ, ಬೇಕೇ ಬೇಕು. ನೆಟ್‌ನಲ್ಲಿ ಪುಕ್ಕಟೆ ಸಿಗುವುದನ್ನು ಎಲ್ಲರೂ ಬಳಸಿ ಸವೆಸಿದ್ದಾರೆ. ಅದೇ ಹಳೇ ಕಾಗದದ ಚಿತ್ರ ಮದುವೆ ಕಾರ್ಡಿಗೂ ಇರುತ್ತದೆ, ವೈಕುಂಠ ಸಮಾರಾಧನೆ ಕಾರ್ಡಿಗೂ ಇರುತ್ತದೆ. ಹಾಗಾಗಿ ನಾನು ಮನೆಯ ಸಾಮಾನನ್ನೇ ಸ್ಕ್ಯಾನರ್ ಮೇಲೆ ಇಡತೊಡಗಿದೆ. ಗೋಣಿಚೀಲ, ಅಡಿಕೆ ಹಾಳೆ ತಟ್ಟೆ, ಗುಳೇದಗುಡ್ಡದ ಖಣ, ಆಮೇಲೆ ಅಕ್ಕಿ ಹಪ್ಪಳ.

“ಅದರಲ್ಲಿ ಹಪ್ಪಳನೂ ಸುಡಬಹುದೇನೋ?” ಅಂತ ಅಮ್ಮ ಆಸೆಯಿಂದ ಕೇಳಿದರು. ದೀಪ ಓಡಾಡೋದು ನೋಡಿದ್ದರು, ಪಾಪ.

ಸುಡಲಿಲ್ಲ. ಆದರೆ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ, ಆ ಹಪ್ಪಳ ನೋಡಬೇಕಿತ್ತು! ಜೀರಿಗೆಯ ಮೈಮೇಲಿನ ಒಂದೊಂದು ಗೆರೆಯೂ ಕಾಣುತ್ತಿತ್ತು. ಒಣಹಾಕಿದ್ದ ಬಟ್ಟೆಯ ನೇಯ್ಗೆ ಹಿಟ್ಟಿನ ಮೇಲೆ ಹಾಗೇ ಅಚ್ಚಾಗಿತ್ತು. ಅಮ್ಮ ಕನ್ನಡಕ ಏರಿಸಿ, “ಇದು ನನ್ನ ಹಸಿರು ಸೀರೆ, ಹರಿದಿದೆ ಅಂತ ಹಪ್ಪಳಕ್ಕೆ ಹಾಸಿದ್ದೆ” ಎಂದರು. ಎ4 ಗಾಜಿನ ತುಂಬ ಹಪ್ಪಳ ಅಂದರೆ ನೂರು ಎಂಬಿಗಿಂತ ಜಾಸ್ತಿ. ಕಂಪ್ಯೂಟರ್ ಏದುಸಿರು ಬಿಟ್ಟಿತು.

ಎಲ್ಲವೂ ಇಷ್ಟು ಸಲೀಸಲ್ಲ. ನಮ್ಮದು ತೆಳ್ಳಗಿನ ಸಿಐಎಸ್ ಸ್ಕ್ಯಾನರ್, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಪಟ್ಟಿ ಗಾಜಿನ ಕೆಳಗೇ ತೀರಾ ಹತ್ತಿರದಲ್ಲಿ ಓಡಾಡುವ ಬಗೆಯದು. ಗಾಜಿಗೆ ತಾಗಿದ್ದು ಮಾತ್ರ ಚೆನ್ನಾಗಿ ಕಾಣುತ್ತದೆ, ಚೂರು ಮೇಲಿದ್ದರೂ ಮಬ್ಬು. ಹಾಳೆ ತಟ್ಟೆಯ ತಳ ಬಂತು, ಅಂಚು ಬರಲಿಲ್ಲ. ಸ್ಟೀಲ್ ತಟ್ಟೆ ಇಟ್ಟರೆ ಬೆಳಕು ಬೇರೆ ಕಡೆ ಹಾರಿ, ಫಳಫಳ ಹೊಳೆಯೋದು ಮಸಿ ಬಳಿದಂತೆ ಬಂತು. ಗೋಣಿಚೀಲದ ದಪ್ಪಕ್ಕೆ ಮುಚ್ಚಳ ಕೂರಲಿಲ್ಲ. ಹೊರಗಿನ ಬೆಳಕು ನುಗ್ಗಬಾರದಲ್ವಾ, ಕರಿ ಕಂಬಳಿ ಹೊದಿಸಿದೆ.

“ಜ್ವರವಾ ಅದಕ್ಕೆ?” ಎನ್ನುತ್ತಾ ಪಕ್ಕದ ಮನೆ ಅಂಕಲ್ ಒಳಗೆ ಬಂದರು.

ಅಷ್ಟರಲ್ಲಿ ಗೋಣಿಯೊಳಗಿಂದ ಇರುವೆಯೊಂದು ಹೊರಟಿತ್ತು. ಈ ಸ್ಕ್ಯಾನರ್ ಕೆಂಪು, ಹಸಿರು, ನೀಲಿ ದೀಪಗಳನ್ನು ಒಂದಾದ ಮೇಲೊಂದು ಹೊತ್ತಿಸುತ್ತದೆ. ಸುಮ್ನೆ ಬಿದ್ದಿರುವ ಗೋಣಿಗೆ ಅದರಿಂದ ತೊಂದರೆಯಿಲ್ಲ. ನಡೆಯುವ ಇರುವೆ ಮಾತ್ರ ಬಣ್ಣಬಣ್ಣವಾಗಿ, ಉದ್ದಕ್ಕೆ ಎಳೆದುಕೊಂಡು, ಜಾತ್ರೆಗೆ ಹೊರಟ ಹಾಗೆ ಬಂತು. ಅದನ್ನು ಅಳಿಸಲು ಮನಸ್ಸಾಗದೆ ಬೇರೆ ಫೈಲ್‌ನಲ್ಲಿ ಇಟ್ಟುಕೊಂಡಿದ್ದೇನೆ.

ಅಂಕಲ್‌ಗೆ ಗುರುತಿನ ಚೀಟಿಯ ಜೆರಾಕ್ಸ್ ಬೇಕಿತ್ತು. ಕಂಬಳಿ ಸರಿಸಿ, ಗೋಣಿ ಎತ್ತಿ, ಧೂಳು ಊದಿ, ತೆಗೆದುಕೊಟ್ಟೆ. ಊದಿದ್ದು ಸಾಲಲಿಲ್ಲ ಅಂತ ಕಾಣುತ್ತದೆ. ಹಪ್ಪಳದಿಂದ ಉದುರಿದ್ದ ಜೀರಿಗೆ ಕಾಳೊಂದು ಸರಿಯಾಗಿ ಅವರ ಕೆನ್ನೆ ಮೇಲೆ ಮಚ್ಚೆಯಾಗಿ ಕೂತಿತ್ತು. ಇನ್ನೊಂದು ತೆಗೆದುಕೊಡ್ತೀನಿ ಎಂದೆ.

“ಬೇಡಪ್ಪ, ಇರ್ಲಿ ಬಿಡು” ಎಂದರು ಅಂಕಲ್. “ಈ ಫೋಟೋ ನೋಡಿ ಇದುವರೆಗೂ ಯಾರೂ ನನ್ನ ಗುರುತು ಹಿಡಿದಿಲ್ಲ. ಮಚ್ಚೆ ನೋಡಿಯಾದ್ರೂ ಹಿಡೀಲಿ.”