ತಿನ್ನೋದು ಬದನೆಕಾಯಿ

"ಈ ದೇಶಕ್ಕೆ ಒಂದು ಹತ್ತು ವರ್ಷ ಮಿಲಿಟರಿ ಬರ್ಬೇಕು ಕಣ್ರೀ. ಆಗ ಎಲ್ಲರೂ ನೆಟ್ಟಗಾಗ್ತಾರೆ."

ನಮ್ಮ ಬೀದಿಯ ಮೇಷ್ಟ್ರು ಈ ಮಾತನ್ನು ವಾರಕ್ಕೆ ಎರಡು ಸಲವಾದರೂ ಹೇಳುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿ ನಿವೃತ್ತರಾದವರು. ಸಂವಿಧಾನದ ಪೀಠಿಕೆ ಬಾಯಿಪಾಠ. ಮೊನ್ನೆ ಮಿಲಿಟರಿಯನ್ನು ಕರೆದದ್ದು, ಅವರ ಗೇಟಿಗೆ ಅಡ್ಡ ಯಾರೋ ಕಾರು ನಿಲ್ಲಿಸಿದ್ದರು ಅಂತ. ಅದರ ಹಿಂದಿನ ವಾರ ಕಸದ ಗಾಡಿ ಬರಲಿಲ್ಲ ಅಂತ. ಅದಕ್ಕೂ ಹಿಂದೆ, ಒಂದು ಮದುವೆಯಲ್ಲಿ ಎರಡನೇ ಪಂಕ್ತಿಗೆ ಹೋಳಿಗೆ ಮುಗಿದುಹೋಗಿತ್ತು ಅಂತ. ಹೋಳಿಗೆಗೂ ಟ್ಯಾಂಕಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಅವರಿಗೆ ಮಿಲಿಟರಿ ಅಂದರೆ ಅಮೃತಾಂಜನ. ತಲೆನೋವಿಗೂ ಅದೇ, ಸೊಂಟನೋವಿಗೂ ಅದೇ.

ಈ ಸಲ ಮಾತ್ರ ಬಾಯಿ ತಡೆಯಲಿಲ್ಲ. "ಪಕ್ಕದ ಮನೆಯವರು ನಾಲ್ಕು ಸಲ ತರಿಸಿಕೊಂಡಿದ್ದಾರಲ್ಲ ಮೇಷ್ಟ್ರೇ. ಹೇಗಿದೆ ಅಂತ ಅವರನ್ನೇ ಕೇಳಬಹುದಲ್ವಾ?"

"ಯಾರು, ಪಾಕಿಸ್ತಾನಾನಾ? ಅವರ ಸುದ್ದಿ ಬಿಡ್ರೀ. ಅವರ ಮಿಲಿಟರಿ ಸರಿ ಇಲ್ಲ."

ಇದು ಅನ್ಯಾಯದ ಮಾತು. ಅವರಷ್ಟು ಅಚ್ಚುಕಟ್ಟಾಗಿ ಈ ಕೆಲಸ ಮಾಡುವವರು ಇನ್ನೆಲ್ಲಿದ್ದಾರೆ? ಹಿಂದೆ ಟ್ಯಾಂಕು ಬೀದಿಗೆ ಬರಬೇಕಿತ್ತು, ಸೈನಿಕರು ಟಿವಿ ಕೇಂದ್ರದ ಗೇಟು ಹತ್ತಬೇಕಿತ್ತು, ಮಲಗಿದ್ದ ಪ್ರಧಾನಿಯನ್ನು ಎಬ್ಬಿಸಬೇಕಿತ್ತು. ಎಷ್ಟು ಡೀಸೆಲ್, ಎಷ್ಟು ಗಲಾಟೆ! 2025ರ ನವೆಂಬರಿನಲ್ಲಿ ಅದ್ಯಾವುದೂ ಬೇಕಾಗಲಿಲ್ಲ. ಸಂವಿಧಾನಕ್ಕೆ 27ನೇ ತಿದ್ದುಪಡಿ ತಂದರು, ಅಷ್ಟೇ. ರಾಷ್ಟ್ರೀಯ ಅಸೆಂಬ್ಲಿಯಲ್ಲಿ ಪರವಾಗಿ 234 ಮತ, ವಿರುದ್ಧವಾಗಿ 4. ಸೇನಾ ಮುಖ್ಯಸ್ಥ, ಫೀಲ್ಡ್ ಮಾರ್ಷಲ್ ಆಸಿಮ್ ಮುನೀರ್ ಮೂರೂ ಪಡೆಗಳ ಮೇಲೆ ಕೂತರು. ಪದವಿ ಸಾಯುವ ತನಕ. ಸಮವಸ್ತ್ರ ಸಾಯುವ ತನಕ. ಕ್ರಿಮಿನಲ್ ಕೇಸಿನಿಂದ ರಕ್ಷಣೆ ಸಾಯುವ ತನಕ. ಪದವಿ ಕಿತ್ತುಕೊಳ್ಳಬೇಕಾದರೆ ಅಧ್ಯಕ್ಷರನ್ನು ಇಳಿಸುವ ಹಾಗೆಯೇ ಮೂರನೇ ಎರಡು ಬಹುಮತ ಬೇಕು. ಪ್ರಧಾನಿಯನ್ನು ಮನೆಗೆ ಕಳಿಸಲು ಸರಳ ಬಹುಮತ ಸಾಕು. ಅದೂ ಯಾವಾಗಲೂ ಬೇಕಾಗುವುದಿಲ್ಲ ಅನ್ನಿ. ಆ ದೇಶದಲ್ಲಿ ಈ ತನಕ ಒಬ್ಬ ಪ್ರಧಾನಿಯೂ ಐದು ವರ್ಷ ಪೂರೈಸಿಲ್ಲ.

ತಿದ್ದುಪಡಿಗೆ ಸಹಿ ಹಾಕಿದವರು ಅಧ್ಯಕ್ಷ ಜರ್ದಾರಿ. ಅವರಿಗೂ ಅದರಲ್ಲೇ ಜೀವನಪೂರ್ತಿ ರಕ್ಷಣೆ ಇದೆ. ಹಬ್ಬದ ಅಡುಗೆ ಮಾಡಿದವರಿಗೆ ಒಂದು ಡಬ್ಬಿ ಕಟ್ಟಿಕೊಡುವುದು ನಮ್ಮಲ್ಲೂ ಉಂಟಲ್ಲ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಮನ್ಸೂರ್ ಅಲಿ ಶಾ ಮತ್ತು ಅಥರ್ ಮಿನಲ್ಲಾ, ರಾಜೀನಾಮೆ ಬರೆದಿಟ್ಟು ಎದ್ದುಹೋದರು. ಹಬ್ಬ ನಿಲ್ಲಲಿಲ್ಲ.

ಫೀಲ್ಡ್ ಮಾರ್ಷಲ್ ಅಂದರೆ ನಮಗೆ, ಅದರಲ್ಲೂ ಕೊಡಗಿನ ಕಡೆಯವರಿಗೆ, ಒಂದೇ ಮುಖ ನೆನಪಾಗುವುದು. ಕಾರಿಯಪ್ಪ. 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಮೂವತ್ತಮೂರು ವರ್ಷ ಕಾಯಿಸಿ, ಎಂಬತ್ತು ದಾಟಿದ ಮೇಲೆ ಕೊಟ್ಟರು. ಅಷ್ಟರಲ್ಲಿ ಅವರೊಮ್ಮೆ ಲೋಕಸಭೆಗೂ ನಿಂತಿದ್ದರು, 1971ರಲ್ಲಿ, ಮುಂಬೈಯಿಂದ. ಸೋತರು. ಸೋತವರು ಟ್ಯಾಂಕು ತರಿಸಲಿಲ್ಲ, ಮಡಿಕೇರಿಗೆ ವಾಪಸು ಬಂದರು.

ಅದೇ ಕಾರಿಯಪ್ಪನವರ ಕೈಕೆಳಗೆ ದೇಶವಿಭಜನೆಗೆ ಮೊದಲು ಕೆಲಸ ಮಾಡಿದವರು, ಮುಂದೆ ಪಾಕಿಸ್ತಾನದ ಸೇನಾ ಮುಖ್ಯಸ್ಥರಾದ ಅಯೂಬ್ ಖಾನ್. 1958ರ ಅಕ್ಟೋಬರ್ 7ಕ್ಕೆ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸೇನಾಡಳಿತ ಹೇರಿ, ಅದನ್ನು ನಡೆಸಿಕೊಂಡು ಹೋಗಪ್ಪಾ ಎಂದು ಅಯೂಬರನ್ನು ಕೂರಿಸಿದರು. ಇಪ್ಪತ್ತು ದಿನ ಕಳೆಯಿತು. ಮಿರ್ಜಾ ಲಂಡನ್ನಿಗೆ, ಅಯೂಬ್ ಕುರ್ಚಿಗೆ. ಮರುವರ್ಷ ಫೀಲ್ಡ್ ಮಾರ್ಷಲ್ ಆಗಿಬಿಟ್ಟರು. ಕೊಡುವವನೂ ತೆಗೆದುಕೊಳ್ಳುವವನೂ ಒಬ್ಬನೇ ಆದರೆ ಕಡತ ಎಷ್ಟು ಬೇಗ ಓಡುತ್ತದೆ ನೋಡಿ. ನಮ್ಮ ಸಕಾಲ ಯೋಜನೆಯವರು ಕಲಿಯಬೇಕು. 1965ರ ಯುದ್ಧದಲ್ಲಿ ಕಾರಿಯಪ್ಪನವರ ಮಗ, ವಾಯುಪಡೆಯ ಪೈಲಟ್, ಅಲ್ಲಿ ಸೆರೆಯಾದಾಗ ಬಿಟ್ಟು ಕಳಿಸುತ್ತೇನೆ ಎಂದು ಅಯೂಬ್ ಹೇಳಿಕಳಿಸಿದರಂತೆ. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡು ಎಂದರಂತೆ ಇವರು. ಕೊಡಗಿನಲ್ಲಿ ಈ ಕತೆ ಗೊತ್ತಿಲ್ಲದವರಿಲ್ಲ. ಒಂದೇ ಸೇನೆಯಲ್ಲಿ ಪಳಗಿದ ಇಬ್ಬರು, ಒಂದೇ ಪದವಿ.

ಎಲ್ಲಿದ್ದೆ? ಹೌದು, ಅಚ್ಚುಕಟ್ಟು.

ಈಗಿನ ವ್ಯವಸ್ಥೆಗೆ ಅವರ ರಕ್ಷಣಾ ಸಚಿವ ಖ್ವಾಜಾ ಆಸಿಫ್ ಅವರೇ ಹೆಸರಿಟ್ಟಿದ್ದಾರೆ, ಹೈಬ್ರಿಡ್ ಅಂತ. ನಾಚಿಕೊಂಡು ಹೇಳಿದ್ದಲ್ಲ, ಮೆಚ್ಚಿಕೊಂಡೇ ಹೇಳಿದ್ದು. ಹೈಬ್ರಿಡ್ ಎಂದರೆ ಏನು ಅಂತ ನಮ್ಮ ರೈತರನ್ನು ಕೇಳಿ. ಬೆಳೆ ನೋಡಲು ಚೆಂದ, ಕಾಯಿ ಒಂದೇ ಅಳತೆ, ಮಿರಮಿರ ಮಿಂಚುತ್ತದೆ. ಆದರೆ ಬೀಜ ಎತ್ತಿಟ್ಟುಕೊಂಡು ಮರುವರ್ಷ ಬಿತ್ತುವ ಹಾಗಿಲ್ಲ. ಪ್ರತಿ ಸಲ ಕಂಪನಿಯ ಬಾಗಿಲಿಗೇ ಹೋಗಬೇಕು. ಅಲ್ಲಿ ಚುನಾವಣೆಯೂ ಹಾಗೆಯೇ. ಬೀಜ ರಾವಲ್ಪಿಂಡಿಯದು, ಅಂದರೆ ಸೇನೆಯ ಪ್ರಧಾನ ಕಚೇರಿಯದು. ಗೊಬ್ಬರವೂ ಅವರದ್ದೇ ಅಂದರೆ ಇದು ಅಲಂಕಾರದ ಮಾತಲ್ಲ. ಫೌಜಿ ಫರ್ಟಿಲೈಸರ್ ಎಂಬ ಕಂಪನಿ ಸೋನಾ ಯೂರಿಯಾ ಮಾರುತ್ತದೆ. ಫೌಜಿ ಸಿಮೆಂಟ್ ಇದೆ. ಅಸ್ಕರಿ ಬ್ಯಾಂಕ್ ಇದೆ. ಬೆಳಗ್ಗೆ ಹಾಲಿಗೆ ಹಾಕಿಕೊಂಡು ತಿನ್ನಲು ಫೌಜಿ ಕಾರ್ನ್‌ಫ್ಲೇಕ್ಸ್ ಇದೆ. ಉಳಿದ ದೇಶಗಳ ಸೈನ್ಯ ಗಡಿ ಕಾಯುತ್ತದೆ, ಇವರು ತಿಂಡಿಯನ್ನೂ ಕಾಯುತ್ತಾರೆ.

ನಾಯಕರೂ ನರ್ಸರಿಯಿಂದಲೇ ಬರಬೇಕು. ಮುಂದೆ ಪ್ರಧಾನಿಯಾದ ಜುಲ್ಫಿಕರ್ ಅಲಿ ಭುಟ್ಟೊ ಅಯೂಬರ ಸಂಪುಟದಲ್ಲಿ ಚಿಗುರಿದ ಸಸಿ. ನವಾಜ್ ಷರೀಫ್ ಜನರಲ್ ಜಿಯಾ ಉಲ್ ಹಕ್ ಕಾಲದ ಸಸಿ. 2018ರಲ್ಲಿ ಇಮ್ರಾನ್ ಖಾನರಿಗೆ ನೀರು ಹಾಕಿದ್ದೂ ಅದೇ ಮಾಲಿ. ಗಿಡ ಸ್ವಲ್ಪ ಎತ್ತರ ಬೆಳೆದು ಬೇಲಿಯಾಚೆ ಇಣುಕಿದರೆ ಕತ್ತರಿ. ತಮಾಷೆ ಎಂದರೆ ಕತ್ತರಿಯನ್ನು ಗಿಡವೇ ಆರಿಸಿ ತಂದಿರುತ್ತದೆ. ಹಿರಿಯರನ್ನೆಲ್ಲ ಬಿಟ್ಟು ಜಿಯಾ ಅವರನ್ನು ಸೇನಾ ಮುಖ್ಯಸ್ಥ ಮಾಡಿದವರು ಭುಟ್ಟೊ. 1979ರಲ್ಲಿ ಅದೇ ಜಿಯಾ ಭುಟ್ಟೊ ಅವರನ್ನು ಗಲ್ಲಿಗೇರಿಸಿದರು. ಹಿರಿಯರನ್ನು ಬಿಟ್ಟು ಮುಷರಫ್ ಅವರನ್ನು ಮೇಲೆ ತಂದವರು ನವಾಜ್. 1999ರಲ್ಲಿ ಅದೇ ಮುಷರಫ್ ನವಾಜರನ್ನು ಇಳಿಸಿ ಕುರ್ಚಿ ಹಿಡಿದರು.

ಜಿಯಾ ಬಂದದ್ದು ತೊಂಬತ್ತು ದಿನಕ್ಕೆ. ಹಾಗಂತ ಅವರೇ ಹೇಳಿದ್ದರು, 1977ರ ಜುಲೈಯಲ್ಲಿ. ಹನ್ನೊಂದು ವರ್ಷ ಇದ್ದರು. ಮೂಲೆಮನೆಗೆ ಎರಡು ದಿನ ಇದ್ದು ಹೋಗುತ್ತೇನೆ ಎಂದು ಬಂದ ಸೋದರಮಾವನೂ ಇಷ್ಟು ನಿಂತಿರಲಿಲ್ಲ. 1984ರಲ್ಲಿ ಅವರೊಂದು ಜನಮತ ನಡೆಸಿದರು. ಕೇಳಿದ ಪ್ರಶ್ನೆಯ ಸಾರ ಇಷ್ಟು: ಕಾನೂನುಗಳನ್ನು ಇಸ್ಲಾಮಿಗೆ ಹೊಂದಿಸುವುದು ನಿಮಗೆ ಒಪ್ಪಿಗೆಯೇ? ಹೌದು ಅಂದರೆ ಜಿಯಾ ಇನ್ನೈದು ವರ್ಷ ಅಧ್ಯಕ್ಷ. ನಿನಗೆ ಅಮ್ಮನ ಮೇಲೆ ಪ್ರೀತಿ ಇದೆಯೇನೋ? ಇದೆಯಾ? ಸರಿ, ಹಾಗಾದರೆ ಮನೆ ನನ್ನ ಹೆಸರಿಗೆ.

ಇದೇ ಜಿಯಾ ಅವರಿಗೆ 1980ರಲ್ಲಿ ಅಮೆರಿಕದ ಜಿಮ್ಮಿ ಕಾರ್ಟರ್ 40 ಕೋಟಿ ಡಾಲರ್ ಕೊಡಲು ಬಂದರು. ಪಕ್ಕದ ಅಫ್ಘಾನಿಸ್ತಾನಕ್ಕೆ ರಷ್ಯದವರು ನುಗ್ಗಿದ್ದರಲ್ಲ, ಆ ಹೊತ್ತು. ಜಿಯಾ ಅದನ್ನು ಕಡಲೆಕಾಯಿ ಎಂದು ತಳ್ಳಿಹಾಕಿದರು. ಕಾರ್ಟರ್ ಕಡಲೆಕಾಯಿ ಬೆಳೆಯುವ ಮನೆತನದವರು, ಅದು ಬೇರೆ. ನಮ್ಮ ಬಸವನಗುಡಿ ಪರಿಷೆಯಲ್ಲೂ ಇಷ್ಟು ಖಡಕ್ಕಾಗಿ ಚೌಕಾಸಿ ಮಾಡುವವರನ್ನು ನಾನು ಕಂಡಿಲ್ಲ. ಕಾದರು. ರೇಗನ್ ಬಂದು 320 ಕೋಟಿ ಡಾಲರಿಗೆ ಒಪ್ಪಿಸಿದರು.

ನಮ್ಮಲ್ಲಿ ಒಂದು ಗಾದೆ ಇದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಪ್ರಜಾಪ್ರಭುತ್ವದ ಪುರಾಣ ಹೇಳುವುದರಲ್ಲಿ ವಾಷಿಂಗ್ಟನ್ನಿನವರನ್ನು ಮೀರಿಸಿದವರಿಲ್ಲ. ಊಟಕ್ಕೆ ಮಾತ್ರ ಸಮವಸ್ತ್ರದವರೇ ಬೇಕು. ಅಯೂಬರಿಗೆ ಕೆನಡಿ 1961ರಲ್ಲಿ ಮೌಂಟ್ ವರ್ನನ್‌ನಲ್ಲಿ, ಜಾರ್ಜ್ ವಾಷಿಂಗ್ಟನ್ನರ ಮನೆಯಂಗಳದಲ್ಲಿ, ಭೋಜನ ಹಾಕಿಸಿದರು. 2000ದ ಮಾರ್ಚಿನಲ್ಲಿ ಕ್ಲಿಂಟನ್ ಇಸ್ಲಾಮಾಬಾದಿನಲ್ಲಿ ಬರೀ ಐದು ಗಂಟೆ ನಿಂತು, ಮುಷರಫ್ ಕೈ ಕುಲುಕುವ ಫೋಟೊ ಎಲ್ಲೂ ಬರದ ಹಾಗೆ ನೋಡಿಕೊಂಡರು. ಮಡಿ! ಮರುವರ್ಷ ಸೆಪ್ಟೆಂಬರ್ ದಾಟಿದ್ದೇ ತಡ, ಅದೇ ಮುಷರಫ್ ಬುಷ್ ಅವರ ಆಪ್ತ ಗೆಳೆಯ. 2025ರ ಜೂನಿನಲ್ಲಿ ಟ್ರಂಪ್ ಇನ್ನೂ ಮುಂದೆ ಹೋದರು. ಪ್ರಧಾನಿಯನ್ನು ಬಿಟ್ಟು ಸೇನಾ ಮುಖ್ಯಸ್ಥ ಮುನೀರ್ ಅವರನ್ನೇ ಶ್ವೇತಭವನಕ್ಕೆ ಮಧ್ಯಾಹ್ನದ ಊಟಕ್ಕೆ ಕರೆದರು. ಆ ವಾರವೇ ಪಾಕಿಸ್ತಾನ ಸರ್ಕಾರ ಟ್ರಂಪ್ ಹೆಸರನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿಸಿತು. ಊಟ ಮಾಡಿ ಮುಯ್ಯಿ ಬರೆಸದೆ ಬರುವುದುಂಟೇ? ಸೆಪ್ಟೆಂಬರಿನಲ್ಲಿ ಮುನೀರ್ ಒಂದು ಮರದ ಪೆಟ್ಟಿಗೆಯಲ್ಲಿ ಅಪರೂಪದ ಖನಿಜಗಳ ಸ್ಯಾಂಪಲ್ ಇಟ್ಟುಕೊಂಡು ಹೋಗಿ ತೋರಿಸಿದರು. ಪಕ್ಕದಲ್ಲಿ ಪ್ರಧಾನಿ ನಗುತ್ತ ನಿಂತಿದ್ದರು. ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವರ ಹಿಂದೆ ಗಲ್ಲಾದವರು ನಿಂತಿರುತ್ತಾರಲ್ಲ, ಹಾಗೆ. ಇದನ್ನು ಪಾಕಿಸ್ತಾನದ ಸೆನೆಟರ್ ಒಬ್ಬರೇ ಸದನದಲ್ಲಿ ಗೇಲಿ ಮಾಡಿದರು. ಅಕ್ಟೋಬರಿನಲ್ಲಿ ಟ್ರಂಪ್ ಬಾಯಲ್ಲಿ ಬಂತು, ನನ್ನ ಮೆಚ್ಚಿನ ಫೀಲ್ಡ್ ಮಾರ್ಷಲ್ ಅಂತ. ಚೀನಾದವರು ಪುರಾಣ ಹೇಳುವ ಕಷ್ಟವನ್ನೇ ಇಟ್ಟುಕೊಂಡಿಲ್ಲ. ನೇರ ಗ್ವಾದರ್ ಬಂದರಿಗೇ ಬಂದರು. ಐಎಂಎಫ್ ಲೆಕ್ಕದ ಪುಸ್ತಕ ಹಿಡಿದು ಕೂತಿದೆ. 1958ರಿಂದ ಇಪ್ಪತ್ತಕ್ಕೂ ಹೆಚ್ಚು ಸಲ ಸಾಲ.

ಬದನೆಕಾಯಿ ಅಂದೆನಲ್ಲ, ಅದು ನಿಜವಾಗಿಯೂ ಇತ್ತು. 2024ರ ಫೆಬ್ರವರಿ 8ರ ಚುನಾವಣೆಯಲ್ಲಿ. ಇಮ್ರಾನ್ ಪಕ್ಷದ ಗುರುತು ಕ್ರಿಕೆಟ್ ಬ್ಯಾಟು. ಪಕ್ಷದೊಳಗೆ ಸರಿಯಾಗಿ ಚುನಾವಣೆ ನಡೆಸಿಲ್ಲ ಎಂದು ಬ್ಯಾಟು ಕಿತ್ತುಕೊಂಡರು. ಒಳಗಿನ ಪ್ರಜಾಪ್ರಭುತ್ವದ ಬಗ್ಗೆ ಅಷ್ಟು ಕಾಳಜಿ! ಅಭ್ಯರ್ಥಿಗಳೆಲ್ಲ ಪಕ್ಷೇತರರಾದರು. ಒಬ್ಬರಿಗೆ ಮಂಚ, ಒಬ್ಬರಿಗೆ ಬಾಟಲಿ, ಇಸ್ಲಾಮಾಬಾದಿನ ಒಬ್ಬರಿಗೆ ಬದನೆಕಾಯಿ. ನಗಲಿ ಎಂದೇ ಕೊಟ್ಟಿದ್ದು. ಮೈಸೂರಿನಲ್ಲಿ ಈರನಗೆರೆ ಬದನೆ ಎಂದು ನಿಂತಿದ್ದರೆ ಊರೇ ಗಂಭೀರವಾಗಿ ತೆಗೆದುಕೊಳ್ಳುತ್ತಿತ್ತು. ಉಡುಪಿಯಲ್ಲಿ ಮಟ್ಟುಗುಳ್ಳವಾದರೆ ಅವಿರೋಧ ಆಯ್ಕೆ. ಅಲ್ಲಿ ಆ ಅಭ್ಯರ್ಥಿ ಬದನೆಕಾಯಿ ಹಿಡಿದುಕೊಂಡೇ ಮನೆಮನೆಗೆ ಹೋದರು.

ಮತದಾನದ ಹಿಂದಿನ ವಾರ ಇಮ್ರಾನರಿಗೆ ಮೂರು ಶಿಕ್ಷೆ ಸಾಲಾಗಿ ಬಂದವು. ಹತ್ತು ವರ್ಷ, ಹದಿನಾಲ್ಕು ವರ್ಷ, ಏಳು ವರ್ಷ. ಮತದಾನದ ದಿನ ದೇಶದಲ್ಲೆಲ್ಲ ಮೊಬೈಲ್ ಸೇವೆ ಬಂದ್. ಜನ ಆದರೂ ಹುಡುಕಿಕೊಂಡು ಹೋಗಿ ಮಂಚಕ್ಕೆ, ಬಾಟಲಿಗೆ, ಬದನೆಕಾಯಿಗೆ ಒತ್ತಿ ಬಂದರು. ಎಲ್ಲರಿಗಿಂತ ಜಾಸ್ತಿ ಗೆದ್ದವರು ಆ ಪಕ್ಷೇತರರೇ. ಎಣಿಕೆಯ ರಾತ್ರಿ ಎರಡು ಕಾಗದಗಳ ಜಗಳ ಶುರುವಾಯಿತು. ಮತಗಟ್ಟೆಯಲ್ಲಿ ಎಣಿಸಿ ಬರೆಯುವುದು ಫಾರಂ 45. ಕ್ಷೇತ್ರದ್ದೆಲ್ಲ ಕೂಡಿಸಿ ಬರೆಯುವುದು ಫಾರಂ 47. ಕೂಡಿಸುವಾಗ ಬಹಳ ಕಡೆ ಲೆಕ್ಕ ಬೇರೆಯೇ ಆಯಿತು ಎಂದು ಸೋತವರು ಕಾಗದ ಹಿಡಿದು ತೋರಿಸಿದರು. ನಮಗೆ ಫಾರಂ ಅಂದರೆ ಕೋಳಿ ನೆನಪಾಗುತ್ತದೆ. 45 ನಾಟಿ, 47 ಫಾರಂ ಅಂತ ಇಟ್ಟುಕೊಳ್ಳಿ.

ನಗುತ್ತ ಬರೆಯುತ್ತಿದ್ದೇನೆ, ಆದರೆ ಸುಸ್ತಾಗುತ್ತದೆ. 1970ರಲ್ಲಿ ಆ ದೇಶದಲ್ಲಿ ಒಂದೇ ಒಂದು ಸಲ ನೆಟ್ಟಗೆ ಚುನಾವಣೆ ನಡೆಯಿತು. 300 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದದ್ದು ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ, ಬಂಗಾಳಿಗಳ ಅವಾಮಿ ಲೀಗ್. ಜನರಲ್ ಯಾಹ್ಯಾ ಖಾನರಿಗೆ ಆ ಫಲಿತಾಂಶ ಹಿಡಿಸಲಿಲ್ಲ. ಢಾಕಾದ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಸೈನಿಕರನ್ನು ನುಗ್ಗಿಸಿದರು. ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಆ ಹೊತ್ತಿಗೆ ಚೀನಾಕ್ಕೆ ಹೋಗುವ ಗುಟ್ಟಿನ ದಾರಿ ಪಾಕಿಸ್ತಾನದ ಮೂಲಕ ಬೇಕಿತ್ತು, ಬಾಯಿ ಮುಚ್ಚಿಕೊಂಡರು. ಎಷ್ಟು ಲಕ್ಷ ಜನ ಸತ್ತರು ಎಂದು ಇವತ್ತಿಗೂ ಜಗಳ ಇದೆ. ಸತ್ತವರ ಲೆಕ್ಕಕ್ಕೆ ಯಾವ ಫಾರಮ್ಮೂ ಇಲ್ಲ. ಮೊನ್ನೆ ಮೊನ್ನೆ, 2024ರ ಡಿಸೆಂಬರಿನಲ್ಲಿ, 85 ನಾಗರಿಕರಿಗೆ ಸೇನಾ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಬಲೂಚಿಸ್ತಾನದಲ್ಲಿ ಹೆಂಗಸರು ಕಾಣೆಯಾದ ಗಂಡನ, ಅಣ್ಣನ, ಅಪ್ಪನ ಫೋಟೊ ಎದೆಗೆ ಹಿಡಿದು ವರ್ಷಗಟ್ಟಲೆ ಕೂತಿದ್ದಾರೆ. ಅವರನ್ನು ಮುನ್ನಡೆಸಿದ ಡಾ. ಮಹರಂಗ್ ಬಲೂಚ್ ಅವರ ತಂದೆ 2009ರಲ್ಲಿ ಕಾಣೆಯಾದರು. 2011ರಲ್ಲಿ ಶವ ಸಿಕ್ಕಿತು. 2025ರ ಮಾರ್ಚಿನಲ್ಲಿ ಮಗಳನ್ನೂ ಹಿಡಿದು ಜೈಲಿಗೆ ಹಾಕಿದರು. ಅದಾಗಿ ಮೂರು ತಿಂಗಳಿಗೆ ಶ್ವೇತಭವನದ ಊಟ.

ಇಷ್ಟು ಹೇಳುವ ಹೊತ್ತಿಗೆ ನಾನೂ ಮೇಷ್ಟ್ರೂ ಪಾರ್ಕಿಗೆ ಐದು ಸುತ್ತು ಹಾಕಿದ್ದೆವು. ಅವರ ಗೇಟಿನ ಮುಂದೆ ಆ ಕಾರು ಇನ್ನೂ ಹಾಗೇ ನಿಂತಿತ್ತು. ಮೇಷ್ಟ್ರು ಅದನ್ನು ನೋಡಿದರು, ನನ್ನನ್ನು ನೋಡಿದರು. ಮಿಲಿಟರಿಯನ್ನು ಕರೆಯಲಿಲ್ಲ. ಸಂದಿಯಲ್ಲಿ ಹೊಟ್ಟೆ ಒಳಕ್ಕೆಳೆದುಕೊಂಡು ನುಸುಳಿ, ಗೇಟಿನ ಆಚೆಯಿಂದ ಕೇಳಿದರು.

"ಅದಿರ್ಲಿ, ಆ ಬದನೆಕಾಯಿ ಗೆದ್ದಿತೇನ್ರೀ?"

"ಯಾವ ಫಾರಂ ಪ್ರಕಾರ ಕೇಳ್ತಿದ್ದೀರಿ ಮೇಷ್ಟ್ರೇ?"