ಮಾರ್ಚ್ ತಿಂಗಳ ಟಕ್ ಟಕ್

ಕಾರಿನ ಕೀಲಿಯಿಂದ ಕೌಂಟರಿನ ಗಾಜು ಕುಟ್ಟುವವರಿಗೆ ನರಕದಲ್ಲಿ ಪ್ರತ್ಯೇಕ ಶಾಖೆ ಇರಲಿ, ಅಲ್ಲಿ ಸರ್ವರ್ ಸದಾ ಡೌನ್ ಆಗಿರಲಿ. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳ ಶಾಪ ಇದು. ಮಾರ್ಚ್ ಕೊನೆಯ ವಾರದ್ದು ಬೇರೆ, ತಟ್ಟದೆ ಇರದು.

ನಮ್ಮಲ್ಲಿಗೆ ಬರುವ ಒಬ್ಬ ಮಹನೀಯರು ಬಾಯಿ ಬಿಡುವುದೇ ಅಪರೂಪ. ಎರಡು ಸಲ ಟಕ್ ಟಕ್ ಅಂದರೆ "ನಾನು ಬಂದೆ". ಮೂರು ಸಲ ಅಂದರೆ "ಎಷ್ಟೊತ್ತು ಎಣಿಸ್ತೀಯಮ್ಮಾ". ಬಿಡದೆ ಕುಟ್ಟಿದರೆ, ಚಲನ್‌ಗೆ ಸಹಿ ಹಾಕಿಲ್ಲವೆಂದು ನಾನು ವಾಪಸು ಕೊಟ್ಟಿದ್ದೇನೆ ಎಂದರ್ಥ. ಜುಲೈನಲ್ಲಿ ಇದೇ ಸದ್ದಿಗೆ ನಾನು ತಲೆಯೆತ್ತಿ, "ಸರ್, ಮೃದಂಗದ ತನಿ ಆವರ್ತನ ಮುಗೀತಾ?" ಎಂದು ಕೇಳಿದ್ದುಂಟು. ಅವರೂ ನಕ್ಕಿದ್ದರು.

ಈಗ ಮಾರ್ಚ್. ಬೆಳಿಗ್ಗೆಯೇ ಮ್ಯಾನೇಜರ್ "ಗಿರಾಕಿಗಳಿಗೆ ಒಂದು ಇನ್ಶೂರೆನ್ಸ್ ಮಾಡಿಸೋಕೂ ಆಗಲ್ವೇನ್ರೀ?" ಅಂದಾಗಿದೆ. ನಾನು "ನೋಡ್ತೀನಿ ಸರ್" ಅಂದಾಗಿದೆ. ಪಿಪಿಎಫ್ ಉಳಿತಾಯ ಖಾತೆಗೆ ಹಣಕಾಸು ವರ್ಷದ ಒಂದೂವರೆ ಲಕ್ಷದ ಮಿತಿ ತುಂಬಿಸಲು, ವರ್ಷವಿಡೀ ಮಲಗಿದ್ದವರೆಲ್ಲ ಒಟ್ಟಿಗೆ ಎದ್ದು ಬಂದಿದ್ದಾರೆ. ಆಗ ಬಿತ್ತು ಟಕ್ ಟಕ್. ಗಾಜಿನ ಮೇಲಲ್ಲ, ನೇರ ನನ್ನ ಹಣೆಯ ಮೇಲೆ.

"ಗಾಜು ಒಡೆದರೆ ಅದಕ್ಕೂ ಚಲನ್ ತುಂಬಬೇಕಾಗುತ್ತೆ!"

ಇಡೀ ಸಾಲು ಗಪ್‌ಚುಪ್. ಮ್ಯಾನೇಜರಿಗೆ ಹೇಳಬೇಕಾದ್ದನ್ನು ಪಾಪ ಗಿರಾಕಿಗೆ ಹೇಳಿದೆ ಎಂದು ಪಕ್ಕದ ಕೌಂಟರಿನವಳ ತೀರ್ಪು. ನಾನು ಒಪ್ಪಲಿಲ್ಲ. ಇಬ್ಬರಿಗೂ ಸಲ್ಲಬೇಕಾದ್ದೇ, ಒಬ್ಬರದ್ದು ಪಾವತಿಯಾಯಿತು, ಇನ್ನೊಬ್ಬರದ್ದು ಬಾಕಿ.

ಊಟದ ಹೊತ್ತಿಗೆ ಅವಳು ಮನಶ್ಶಾಸ್ತ್ರ ಬಡಿಸಿದಳು. 1998ರಲ್ಲಿ ಅಮೆರಿಕದ ರಾಯ್ ಬಾಮೈಸ್ಟರ್ ತಂಡದವರು ವಿದ್ಯಾರ್ಥಿಗಳ ಮುಂದೆ ಬಿಸಿ ಬಿಸಿ ಚಾಕೊಲೇಟ್ ಬಿಸ್ಕತ್ತಿಟ್ಟು, ಕೆಲವರಿಗೆ ಮಾತ್ರ "ನೀವು ಮೂಲಂಗಿ ತಿನ್ನಿ" ಅಂದರಂತೆ. ಮೂಲಂಗಿಯವರು ಆಮೇಲೆ ಕೊಟ್ಟ ಒಗಟನ್ನು ಬೇಗ ಕೈಬಿಟ್ಟರು. ಸಂಯಮ ಖರ್ಚಾಗುವ ವಸ್ತು ಎಂಬ ವಾದ ಹೀಗೆ ಹುಟ್ಟಿತು. ನನ್ನ ಡಬ್ಬಿಯಲ್ಲೂ ಮೂಲಂಗಿ ಹುಳಿಯೇ ಇದ್ದುದರಿಂದ ಥಟ್ಟನೆ ಒಪ್ಪಿಕೊಂಡೆ. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಆ ವಾದವನ್ನು ಬೇರೊಂದು ಪರೀಕ್ಷೆಯಲ್ಲಿ ಒರೆಗೆ ಹಚ್ಚಿದಾಗ ಹೇಳಿಕೊಳ್ಳುವಂಥ ಪರಿಣಾಮವೇ ಕಾಣಲಿಲ್ಲವಂತೆ. ನಮ್ಮಲ್ಲಾದರೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಹಿತ್ತಾಳೆ ಟೋಕನ್ ಇತ್ತು. ಜನ ಅದರಲ್ಲೂ ಕುಟ್ಟುತ್ತಿದ್ದರು ಬಿಡಿ. ಆದರೆ ನಮ್ಮ ಹಿರಿಯ ಕ್ಯಾಷಿಯರ್ ರಾಯರು ಎಂಥ ಬೈಗುಳಕ್ಕೂ, "ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ ಸ್ವಾಮಿ" ಅನ್ನುತ್ತಿದ್ದರು. ಬೈಯಲು ಬಂದವರು ಹೂಜಿಯ ನೀರು ಕುಡಿದು, ಮಗಳ ಮದುವೆಗೆ ಕರೆದು ಹೋಗುತ್ತಿದ್ದರು. ಅಂಥವರ ಪಕ್ಕ ಕೂತು ಕಲಿತವಳು ನಾನು.

ರಾಯರು ಇನ್ಶೂರೆನ್ಸ್ ಮಾರಬೇಕಿರಲಿಲ್ಲ, ಅದು ಬೇರೆ ಮಾತು.