ಶ್ವಾಸಕೋಶಕ್ಕೂ ಒಂದು ಮೆನು ಕಾರ್ಡ್

ಫ್ಲೇವರ್ ವೇಪ್‌ಗಳು, ಅಂದರೆ ಪರಿಮಳದ ದ್ರವವನ್ನು ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟುಗಳು, ಶ್ವಾಸಕೋಶ ಕೆಡಿಸುತ್ತವೆ ಅಂತ ಮತ್ತೆ ದೂರು ಬಂದಿದೆ. ಮಾರುವವರ ಉತ್ತರವೂ ಮತ್ತೆ ಅದೇ: 'ನಾವು ಹಾಕುವುದೆಲ್ಲ ಫುಡ್ ಗ್ರೇಡ್ ಫ್ಲೇವರ್.' ಕೇಳಿ ಸಮಾಧಾನವಾಯಿತು. ತಿನ್ನಬಹುದಾದದ್ದನ್ನು ಉಸಿರಾಡಲು ಏನಡ್ಡಿ? ಕುಡಿಯುವ ನೀರೂ ಫುಡ್ ಗ್ರೇಡೇ. ಒಂದು ಗುಟುಕು ನೆತ್ತಿಗೆ ಹತ್ತಿದರೆ ಗೊತ್ತಾಗುತ್ತದೆ.

ಪಟ್ಟಿ ನೋಡಿ: ಮಾವು, ಕಸ್ಟರ್ಡ್, ದಾಲ್ಚಿನ್ನಿ, ಚೆರ್ರಿ, ಬಬಲ್‌ಗಮ್. ಇದೆಲ್ಲ ದೊಡ್ಡವರು ಸಿಗರೇಟು ಬಿಡಲಿ ಅಂತ ಮಾಡಿದ್ದಂತೆ. ಪಾಪ, ಮೂವತ್ತು ವರ್ಷ ಸಿಗರೇಟು ಸೇದಿದ ತಾತ ಬಬಲ್‌ಗಮ್ ವಾಸನೆ ಇಲ್ಲದೆ ಚಟ ಬಿಡುವುದಾದರೂ ಹೇಗೆ?

ಬೆಣ್ಣೆ ಪರಿಮಳದ ಕಥೆಯನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಆ ಪರಿಮಳ ಕೊಡುವ ರಾಸಾಯನಿಕ ಡಯಾಸಿಟೈಲ್. 2000ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಒಂದೇ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದಿದ್ದ 8 ಮಂದಿಗೆ ಒಂದೇ ಅಪರೂಪದ ಕಾಯಿಲೆ ಇರುವುದು ಬೆಳಕಿಗೆ ಬಂತು. ಉಸಿರಿನ ಸಣ್ಣ ಸಣ್ಣ ಕೊಳವೆಗಳು ಗಾಯವಾಗಿ, ಕಲೆಗಟ್ಟಿ, ಮುಚ್ಚಿಕೊಂಡಿದ್ದವು. ಬಿಸಿ ಎಣ್ಣೆಯ ದೊಡ್ಡ ತೊಟ್ಟಿಗೆ ಬೆಣ್ಣೆ ಫ್ಲೇವರ್ ಸುರಿದು ಕಲಸುತ್ತಿದ್ದವರ ಸ್ಥಿತಿ ಎಲ್ಲರಿಗಿಂತ ಕೆಟ್ಟದಾಗಿತ್ತು. ತೊಟ್ಟಿಯಿಂದ ಘಮಘಮ ಅಂತ ಹಬೆ ಏಳುತ್ತಿತ್ತು, ಅವರು ಪಾಳಿಯುದ್ದಕ್ಕೂ ಅದನ್ನೇ ಉಸಿರಾಡುತ್ತಿದ್ದರು. ಕೆಲವರ ಹೆಸರು ಶ್ವಾಸಕೋಶ ಕಸಿಯ ಸರದಿಗೆ ಸೇರಿತು. ಕಾಯಿಲೆಗೆ ಪಾಪ್‌ಕಾರ್ನ್ ಲಂಗ್ ಎಂಬ ಮುದ್ದಾದ ಅಡ್ಡಹೆಸರೂ ಬಂತು.

ಇಷ್ಟೆಲ್ಲ ಗೊತ್ತಾದ ಮೇಲೆ ಜಾಣರು ಏನು ಮಾಡಿದರು? ಅದೇ ಪರಿಮಳವನ್ನು ಬಿಸಿ ಮಾಡಿ ಎಳೆದುಕೊಳ್ಳುವ ಪುಟ್ಟ ಯಂತ್ರಕ್ಕೆ ತುಂಬಿದರು. 2015ರಲ್ಲಿ ಹಾರ್ವರ್ಡ್‌ನವರು 51 ಫ್ಲೇವರ್ ಇ-ಸಿಗರೇಟುಗಳನ್ನು ಪರೀಕ್ಷಿಸಿದಾಗ 39ರಲ್ಲಿ ಡಯಾಸಿಟೈಲ್ ಸಿಕ್ಕಿತು.

ಕೇಳಿದರೆ, 'ಸಿಗರೇಟಿನ ಹೊಗೆಯಲ್ಲಿ ಇದು ಇನ್ನೂ ಜಾಸ್ತಿ ಇದೆ' ಅನ್ನುತ್ತಾರೆ. ನಿಜವೇ. ಊರಿಗೆಲ್ಲ ಹೆಸರಾದ ಕಳ್ಳನನ್ನು ತೋರಿಸಿ 'ನಾನು ಅವನಿಗಿಂತ ಕಡಿಮೆ ಕದ್ದಿದ್ದೇನೆ' ಅಂದವನು ಸಜ್ಜನನೇ ಅಲ್ವಾ!

ಆಮೇಲೆ ವೇಪ್ ದ್ರವದ ಬಾಟಲಿಗಳ ಮೇಲೆ 'ಡಯಾಸಿಟೈಲ್ ಮುಕ್ತ' ಅಂತ ಬರೆದದ್ದೂ ಆಯಿತು. ಕೆಲವದರಲ್ಲಿ ಅದರ ಬದಲಿಗೆ ಕೂತದ್ದು ಅದರದೇ ಜಾತಿಯ ಇನ್ನೊಂದು ರಾಸಾಯನಿಕ, 2,3-ಪೆಂಟಾನೆಡಯೋನ್. ಇಲಿಗಳ ಮೇಲೆ ಪ್ರಯೋಗಿಸಿದಾಗ ಅದೂ ಶ್ವಾಸನಾಳವನ್ನು ಹಾಗೇ ಕೆಡಿಸಿತು. ಲೇಬಲ್ ಮಾತ್ರ ಸುಳ್ಳು ಹೇಳಿಲ್ಲ ನೋಡಿ.

ಸಾಕಾಯಿತು ಸ್ವಾಮಿ, ತಮಾಷೆ. ಫ್ಲೇವರ್‌ಗೆ ಸಿಕ್ಕ 'ಸುರಕ್ಷಿತ' ಎಂಬ ಮುದ್ರೆ ತಿನ್ನುವುದಕ್ಕೆ ಮಾತ್ರ, ಉಸಿರಾಡುವುದಕ್ಕಲ್ಲ ಎಂದು ಅಮೆರಿಕದ ಫ್ಲೇವರ್ ತಯಾರಕರ ಸಂಘವೇ ಹೇಳಿದೆ. ವೇಪ್ ಮಾರುವವರಿಗೆ ಇದು ಗೊತ್ತಿಲ್ಲವೇ? ಗೊತ್ತು. 2019ರಲ್ಲಿ ಅಲ್ಲಿ ಗಾಂಜಾ ಅಂಶದ ವೇಪ್‌ಗಳಿಗೆ ವಿಟಮಿನ್ ಇ ಅಸಿಟೇಟ್ ಬೆರೆಸಿದರು. ಮಾತ್ರೆಯಲ್ಲಿ ನುಂಗುವ, ಚರ್ಮಕ್ಕೆ ಹಚ್ಚುವ ವಸ್ತುವೇ ಅದು. ವೇಪ್‌ನಿಂದ ಶ್ವಾಸಕೋಶ ಕೆಟ್ಟ ಪ್ರಕರಣಗಳು 2,800 ದಾಟಿದವು. ಅವುಗಳಲ್ಲಿ ಬಹುಪಾಲಿಗೆ ಇದೇ ಕಾರಣ ಎಂದಾಯಿತು. 2020ರ ಫೆಬ್ರವರಿ ಹೊತ್ತಿಗೆ 68 ಮಂದಿ ಸತ್ತಿದ್ದರು. ಹೊಟ್ಟೆ ಬೇರೆ, ಶ್ವಾಸಕೋಶ ಬೇರೆ ಅಂತ ಶಾಲೆ ಮಕ್ಕಳೂ ಚಿತ್ರ ಬರೆದು ತೋರಿಸುತ್ತವೆ.

ಸರ್ಕಾರವೂ ಸುಮ್ನೆ ಕೂರಲಿಲ್ಲ. 2020ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಣ್ಣು, ಪುದೀನದ ಫ್ಲೇವರ್‌ಗಳ ಮೇಲೆ ಕ್ರಮ ಎಂದು ಗುಡುಗಿತು. ಆದರೆ ಕಾರ್ಟ್ರಿಜ್ (ದ್ರವ ತುಂಬಿದ ಪುಟ್ಟ ಡಬ್ಬಿ) ಹಾಕುವ ವೇಪ್‌ಗಳಿಗೆ ಮಾತ್ರ. ಸೇದಿ ಎಸೆಯುವ ವೇಪ್‌ಗೆ ಆ ಗುಡುಗು ಕೇಳಿಸಲೇ ಇಲ್ಲ. ಮಾವು, ಕಲ್ಲಂಗಡಿಯೆಲ್ಲ ಅಲ್ಲಿಗೆ ವರ್ಗವಾದವು. ಹುಡುಗರೂ ಹಿಂದೆಯೇ ಹೋದರು.